ಮಾವನೋರ ಕೀಯರ್‌ಗೆ ವಾಯರ್ ಜೋಡಿಸಿದ್ದು

ಮನ್ಯಾಗ ಹಿರಿಯರಿದ್ರ ನಿಮಗೂ ಗೊತ್ತಿರ್ತದ. ಕೈ ನಡುಗಲಿಕ್ಕೆ ಹತ್ತಿದ ಮ್ಯಾಲೆ ಅಂಗಿ ಗುಂಡಿ ನಾವ ಹಾಕ್ತೀವಿ, ಔಷಧದ ಬಾಟ್ಲಿ ನಾವ ತಗೀತೀವಿ. ಅದಕ್ಕ ಅವರು ಏನೂ ಅನ್ನೂದಿಲ್ಲ. ಆದ್ರ ಪ್ರೀತಿಯ ಕೆಲಸ ಒಂದು ಕೈಬಿಟ್ಟು ಹೋತಂದ್ರ ಮಾರಿ ಸಣ್ಣದಾಗ್ತದ. ನಮ್ಮ ಮಾವನೋರದೂ ಹಂಗ ಆಗಿತ್ತು.

ಅವರು ಲೈಸೆನ್ಸ್ ಇರೂ ಹ್ಯಾಮ್ ರೇಡಿಯೋದವರು. ನಮ್ಮ ದೇಶದಾಗ ತಾರು ಕೊಡೂದು 2013ರ ಜುಲೈದಾಗ ನಿಂತು ಹೋತು, ಆದ್ರ ಹ್ಯಾಮ್ ಮಂದಿ ಮೋರ್ಸ್ ಬಿಟ್ಟಿಲ್ಲ. ಮಾವನೋರು ಬಳಸೂದು ಹಳೇ ಕೀಲಿ, ಒತ್ತಿ ಬಿಡೂವಂಥಾದ್ದು. ಅದರಾಗ ಡಿಟ್ ಎಷ್ಟು ಉದ್ದ, ಡಾ ಎಷ್ಟು ಉದ್ದ ಅನ್ನೂದೆಲ್ಲಾ ಕೈನ ಅಳೀಬೇಕು. ಮೂರು ಡಿಟ್ ಕೂಡಿದ್ರ ಒಂದು ಡಾ. ಇಂಗ್ಲಿಷಿನ ‘ಇ’ ಅಂದ್ರ ಒಂದ ಡಿಟ್. ಕೈ ನಡುಗಿ ಎರಡಾತಂದ್ರ ‘ಐ’ ಆಗ್ತದ, ಮೂರಾದ್ರ ‘ಎಸ್’. ಆ ಕಡೆಯವರು ಮತ್ತ ಮತ್ತ ‘ಇನ್ನೊಮ್ಮೆ ಹೇಳ್ರಿ’ ಅಂತ ಕೇಳಲಿಕ್ಕೆ ಹತ್ತಿದ್ರು. ಒಂದು ದಿನ ಮಾವನೋರು ಸೆಟ್ಟಿನ ಮ್ಯಾಲೆ ಟವೆಲ್ ಮುಚ್ಚಿ ಸುಮ್ಮನಾಗಿಬಿಟ್ರು.

ನಾನು ಐಟಿಐದಾಗ ಎಲೆಕ್ಟ್ರಾನಿಕ್ಸ್ ಕಲ್ತಾಕಿ. ಒಂದು ಕೀಯರ್, ಒಂದು ಪ್ಯಾಡಲ್ ತರಿಸಿದೆ. ಕೀಯರ್ ಅಂದ್ರ ಸಣ್ಣ ಡಬ್ಬಿ. ಪ್ಯಾಡಲ್‌ಗೆ ಎರಡು ಎಲಿ ಇರ್ತಾವ: ಹೆಬ್ಬೆರಳು ಒತ್ತಿದ್ರ ಡಿಟ್, ತೋರುಬೆರಳು ಒತ್ತಿದ್ರ ಡಾ. ಉದ್ದ ಅಳಿಯೂ ಕೆಲಸ ಡಬ್ಬಿದು.

ಪ್ಯಾಡಲ್‌ನಿಂದ ಡಬ್ಬಿಗೆ ಮೂರು ವಾಯರ್ ಬರ್ತಾವ. ಹೆಡ್‌ಫೋನಿನಂಥಾ ಸ್ಟೀರಿಯೋ ಪಿನ್ನಿನ ತುದಿಗೆ ಡಿಟ್, ನಡುವಿನ ಉಂಗುರಕ್ಕ ಡಾ, ಬುಡಕ್ಕ ಗ್ರೌಂಡ್. ಡಬ್ಬಿಯಿಂದ ಟ್ರಾನ್ಸ್‌ಮಿಟರಿಗೆ ಎರಡ ವಾಯರ್ ಸಾಕು, ಕೀಲಿ ಕೂಡಿಸೂ ಜಾಗಾಕ್ಕ.

ಆದ್ರ ಇಲ್ಲೇ ಅವಸರ ಮಾಡಬಾರದು. ನಮ್ಮ ಸೆಟ್ಟು ಹಳೇ ವಾಲ್ವಿಂದು. ಹಂಥಾವುದರ ಕೀಲಿ ಜಾಗಾದಾಗ ದೊಡ್ಡ ವೋಲ್ಟೇಜ್ ಇರಬಹುದು. ಮೀಟರ್ ಹಿಡಿದು ನೋಡಿದೆ, 120 ವೋಲ್ಟ್! ನಮ್ಮ ಡಬ್ಬಿ ತಡಕೊಳ್ಳೂದು 60. ನೇರ ಕೂಡಿಸಿದ್ರ ಡಬ್ಬಿ ಸುಟ್ಟು ಹೋಗ್ತಿತ್ತು. ಅದಕ್ಕ ನಡುವ ಒಂದು ರಿಲೇ ಇಟ್ಟೆ. ಡಬ್ಬಿ ರಿಲೇಗೆ ಹೇಳ್ತದ, ರಿಲೇ ಸೆಟ್ಟಿಗೆ ಹೇಳ್ತದ. ಇಬ್ಬರಿಗೂ ನೇರ ಸಂಬಂಧ ಇಲ್ಲ. ರಿಲೇ ಸುರುಳಿಗೆ ಅಡ್ಡ ಒಂದು ಡಯೋಡೂ ಹಾಕಿದೆ, ಬಂದ್ ಆಗೂವಾಗ ಅದು ಒದೀತದ.

ಇನ್ನೊಂದು ಮಾತು. ಪ್ಲಗ್ ಕಿತ್ತಿದ ಮ್ಯಾಲೂ ವಾಲ್ವ್ ಸೆಟ್ಟಿನ ಕೆಪ್ಯಾಸಿಟರ್‌ದಾಗ ಕರೆಂಟ್ ಉಳಿದಿರ್ತದ. ಕುಕ್ಕರ್ ಒಲಿ ಮ್ಯಾಲಿಂದ ಇಳಿಸಿದ ಕೂಡಲೇ ಮುಚ್ಚಳ ತಗೀತೀವೇನ್ರಿ? ಹಂಗ ಇದೂ. ತಡೆದು, ಮೀಟರ್‌ನಿಂದ ನೋಡಿ, ಆಮ್ಯಾಲೆ ಕೈ ಹಾಕಬೇಕು.

ಪ್ಯಾಡಲ್‌ನ ಸಂದು ಸ್ವಲ್ಪ ಅಗಲ ಮಾಡಿ, ಸ್ಪ್ರಿಂಗ್ ಬಿಗಿ ಮಾಡಿದೆ, ನಡುಗಿದ ಬೆರಳು ಬರೀ ತಾಗಿದ್ರ ಬಡೀಬಾರದು ಅಂತ. ವೇಗ ನಿಮಿಷಕ್ಕ 12 ಶಬ್ದ. ಅಂದ್ರ ಒಂದು ಡಿಟ್ ಸೆಕೆಂಡಿನ ಹತ್ತನೇ ಭಾಗ. ಮೊದಲು ಆಂಟೆನಾ ಬಿಚ್ಚಿ, 50 ಓಮ್ಸ್‌ನ ಡಮ್ಮಿ ಲೋಡ್ ಕೂಡಿಸಿ ನೋಡಿದ್ವಿ. ಸಪ್ಪಳ ನೆಟ್ಟಗ ಬಂತು.

ಅತ್ತಿಯೋರು ಟವೆಲ್ ಒಗೀಲಿಕ್ಕೆ ಒಯ್ದು ಮತ್ತ ತರಲೇ ಇಲ್ಲ.

ಮರುದಿನ ಸಂಜಿ ಮಾವನೋರು ಗಾಳಿಗೆ ಕರೆ ಕೊಟ್ರು. ಭಾಳ ಹೊತ್ತಿನ ಮ್ಯಾಲೆ ಚೆನ್ನೈ ಕಡೆಯವರೊಬ್ಬರು ಉತ್ತರ ಕೊಟ್ರು. ಅರ್ಧ ತಾಸು ಮಾತು ನಡೀತು. ಒಮ್ಮೆನೂ ‘ಇನ್ನೊಮ್ಮೆ ಹೇಳ್ರಿ’ ಅಂದಿಲ್ಲಂತ. ಇವರ ಕೈ ನಡುಗ್ತದ ಅನ್ನೂದು ಅವರಿಗೆ ಗೊತ್ತೂ ಆಗಿಲ್ಲ.