ಪೆಟಗ್ಯಾಗಿನ ಕಾಗದಾ ಒಮ್ಮೆ ತಗದು ನೋಡ್ರಿ

ಹೋದ ಶ್ರಾವಣದಾಗ ನಮ್ಮ ದೊಡ್ಡಕ್ಕ ಹೊರ್ತಿ ಮನಿ ಅಂಗಳದಾಗ ಕಾಲು ಜಾರಿ ಬಿದ್ಲು. ಬಿದ್ದದ್ದೇನು ಜೋರಲ್ಲ, ಕೈ ಊರಿದ್ಲು ಅಷ್ಟ. ಮುಂಗೈ ಎಲುಬು ಮುರೀತು. ಆಕಿಗೆ ಇನ್ನೂ 49.

ವಿಜಯಪುರದಾಗ ಪಟ್ಟಿ ಹಾಕಿಸಿದ ಮ್ಯಾಲ ಡಾಕ್ಟರಬಾಯಿ ಕೇಳಿದ್ರು, "ಮುಟ್ಟು ನಿಂತು ಎಷ್ಟ ವರ್ಷಾತು?"

"36ಕ್ಕ ಗರ್ಭಚೀಲಾ ತಗಸೇವ್ರಿ."

"ಅಂಡಾಶಯನೂ ತಗದಾರೇನು?"

ಅಕ್ಕ ನನ್ನ ಮಾರಿ ನೋಡಿದ್ಲು, ನಾ ಅಕ್ಕನ ಮಾರಿ ನೋಡಿದೆ. ಮನಿಗೆ ಬಂದು ಪೆಟಗಿ ಹುಡುಕಿದ್ರ ಸೀರಿ ಬುಡಕ ಆ ಕಾಗದಾ ಸಿಕ್ತು. ಎರಡೂ ಅಂಡಾಶಯ ತಗದಾರ ಅಂತ ಇಂಗ್ಲಿಷಿನಾಗ ಬರದಿತ್ತು. ಹದಿಮೂರು ವರ್ಷ ಅಲ್ಲೇ ಬಿದ್ದಿತ್ತು. ಯಾರೂ ನಮಗ ಓದಿ ಹೇಳಿರಲಿಲ್ಲ.

ಡಾಕ್ಟರಬಾಯಿ ತಿಳಿಸಿ ಹೇಳಿದ್ರು. ಎಲುಬು ಸವಿಯದಂಗ ಕಾಯೂದು ಈಸ್ಟ್ರೋಜನ್ ಅನ್ನೂ ಹಾರ್ಮೋನು. ಅದು ಹುಟ್ಟೂದು ಅಂಡಾಶಯದಾಗ, ಚೀಲದಾಗಲ್ಲ. ಮುಟ್ಟು ತಾನಾಗೇ ನಿಂತ್ರ ಅದು ನಿಧಾನಕ ಕಡಿಮಿ ಆಗ್ತದ. ಅಂಡಾಶಯ ತಗದ್ರ ಒಮ್ಮೆಲೇ ಹೋಗ್ತದ. 45ರೊಳಗ ಹಿಂಗಾದವ್ರಿಗೆ, ಬ್ಯಾರೆ ಅಡ್ಡಿ ಇಲ್ಲಂದ್ರ, 50ರ ತನಕ ಹಾರ್ಮೋನು ಕೊಡೂದು ಪದ್ಧತಿ. ಚೀಲಾ ಇದ್ದವ್ರಿಗೆ ಈಸ್ಟ್ರೋಜನ್ ಜೋಡಿ ಪ್ರೊಜೆಸ್ಟರೋನೂ ಬೇಕು, ಇಲ್ಲಂದ್ರ ಚೀಲದ ಕ್ಯಾನ್ಸರಿನ ಅಂಜಿಕಿ.

"ಹಂಗಾದ್ರ ನಾನೂ ತಗೊಳ್ಳೇನ್ರಿ?" ಅಂದೆ. ನನ್ನ ಮುಟ್ಟು ತಾನಾಗೇ ನಿಂತದ. ಅವರು ನಕ್ಕು, "ಬರೇ ಎಲುಬಿನ ಸಲುವಾಗಿ ಎಲ್ಲಾರಿಗೂ ಕೊಡೂದಲ್ರಿ" ಅಂದ್ರು. 2002ರಾಗ ಅಮೆರಿಕಾದ ದೊಡ್ಡ ಅಧ್ಯಯನದಾಗ ಎರಡೂ ಹಾರ್ಮೋನು ಕೂಡಿಸಿ ತಗೊಂಡವ್ರಿಗೆ ಎಲುಬು ಮುರಿಯೂದು ಕಡಿಮಿ ಆತು, ಆದ್ರ ಸ್ತನ ಕ್ಯಾನ್ಸರು, ಲಕ್ವಾ ಹೆಚ್ಚಾದುವು. ಸ್ತನ ಕ್ಯಾನ್ಸರು, ಲಕ್ವಾ, ರಕ್ತ ಹೆಪ್ಪುಗಟ್ಟಿದ್ದು ಇದ್ದವ್ರಿಗೆ ಇದು ಸಾಮಾನ್ಯವಾಗಿ ಕೊಡೂದಿಲ್ಲ. 60 ದಾಟಿದ ಮ್ಯಾಲ ಹೊಸದಾಗಿ ಸುರು ಮಾಡೂದಂತೂ ಬ್ಯಾಡ. ಔಷಧಿ ಅಂಗಡ್ಯಾಗ ಕೇಳಿ ತಗೊಳ್ಳೂ ಗುಳಿಗಿ ಅಲ್ಲ ಇದು. ಅಕ್ಕಗ ಡೆಕ್ಸಾ ತಪಾಸಣಿ ಮಾಡಿ ಎಲುಬಿನ ಬ್ಯಾರೆ ಔಷಧಿ ಸುರು ಮಾಡ್ಯಾರ.

ಊಟದ ಮಾತಿಗೆ ಬಂದ್ರ, ಮುಟ್ಟು ನಿಂತವ್ರಿಗೆ ದಿನಕ್ಕ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಂತ. ನಮ್ಮ ಜ್ವಾಳದ ರೊಟ್ಟಿ ಹೊಟ್ಟಿಗೆ ಗಟ್ಟಿ, ಆದ್ರ 100 ಗ್ರಾಂ ಜ್ವಾಳದಾಗ 30 ಮಿಲಿಗ್ರಾಂನೂ ಇಲ್ಲ. ಒಂದು ಗ್ಲಾಸು ಹಾಲಿನಾಗ 240ರ ಸುತ್ತಮುತ್ತ ಅದ. ಒಂದು ದೊಡ್ಡ ಚಮಚಾ ಎಳ್ಳಿನಾಗ 100ರ ಹತ್ತಿರ. ನುಗ್ಗಿ ಸೊಪ್ಪು, ಮೊಸರು, ಮಜ್ಜಿಗಿ ಎಲ್ಲಾ ನಮ್ಮ ಮನ್ಯಾಗೇ ಅದಾವ. ನಾವು ಹಾಲು ಡೇರಿಗೆ ಹಾಕ್ತೀವಿ, ಉಳಿದದ್ದು ಹುಡುಗುರಿಗೆ, ಗಂಡಸರಿಗೆ. ನಮ್ಮ ಪಾಲಿಗೆ ಕರೇ ಚಾ.

ಈಗ ಅಕ್ಕನ ಪಾಲಿನ ಹಾಲು ಮದಲ ತಗದಿಟ್ಟು ಆಮ್ಯಾಲ ಡೇರಿಗೆ ಹಾಕ್ತೀವಿ. ಎಳ್ಳಿನ ಚಟ್ನಿ ಸಂಕ್ರಾಂತಿಗಷ್ಟ ಅಲ್ಲ, ದಿನಾ ಅದ. ಮುಂಜಾನಿ ಬಿಸಿಲಾಗ ಇಬ್ಬರೂ ರೇವಣಸಿದ್ಧೇಶ್ವರ ಗುಡಿ ತನಕ ನಡದು ಬರ್ತೀವಿ.

ಅವತ್ತೇ ಗೊತ್ತಾಗಿದ್ರ ಅಂತ ಅಕ್ಕ ಒಮ್ಮೊಮ್ಮೆ ಮುಂಗೈ ಸವರ್ಕೋತ ಕೂಡ್ತಾಳ. ನನ್ನ ಹತ್ರ ಉತ್ತರ ಇಲ್ಲ. ಅದಕ್ಕ ನಿಮಗ ಬರದೀನಿ. ಚೀಲಾ ತಗಸಿದವ್ರು ಆ ಕಾಗದಾ ಹುಡುಕಿ ಓದಿಸ್ರಿ. ಇನ್ನ ತಗಸೂವ್ರಿದ್ರ, ಟೇಬಲ್ ಮ್ಯಾಲ ಮಲಗೂಕ್ಕಿಂತ ಮದಲ ಬಾಯಿಬಿಟ್ಟು ಕೇಳ್ರಿ: ಅಂಡಾಶಯ ಉಳಿಸ್ತೀರೇನ್ರಿ?