ಖಲೀಫಾ ಸಿಟಿಯ ಬೈಕೂ, ಆಯಿಲ್ ಡಬ್ಬಿಯ ಮಾತೂ

ಅಬುಧಾಬಿ ದ್ವೀಪವನ್ನು ದಾಟಿ ವಿಮಾನ ನಿಲ್ದಾಣದ ಕಡೆಗೆ ಹೊರಟರೆ, ಊರು ಮುಗಿಯಿತೇನೋ ಅನ್ನಿಸುವ ಹೊತ್ತಿಗೆ ಖಲೀಫಾ ಸಿಟಿ ಸಿಗುತ್ತದೆ. ಗಗನಚುಂಬಿ ಕಟ್ಟಡಗಳನ್ನು ನೋಡಲು ಬಂದವರಿಗೆ ಇಲ್ಲಿ ನಿರಾಸೆಯೇ ಸರಿ. ಎತ್ತರದ ಕಾಂಪೌಂಡಿನೊಳಗೆ ಅಡಗಿದ ವಿಲ್ಲಾಗಳು, ಗೋಡೆಯಾಚೆ ಇಣುಕುವ ಕಾಗದದ ಹೂವು, ಬೇವಿನ ಮರ, ನಡಿಗೆಯ ದೂರದಲ್ಲಿ ಮಸೀದಿ. ಎತಿಹಾದ್ ಏರ್‌ವೇಸ್‌ನ ಕೇಂದ್ರ ಕಚೇರಿ ಇರುವುದೂ ಇಲ್ಲೇ, ಅಲ್ ಫೊರ್ಸಾನ್ ಕ್ರೀಡಾ ಸಂಕೀರ್ಣ ಇರುವುದೂ ಇಲ್ಲೇ. ಹಳಬರ ಬಾಯಲ್ಲಿ ಇದು ಇನ್ನೂ ‘ಖಲೀಫಾ ಎ’. ಇದರ ಜೋಡಿ ‘ಖಲೀಫಾ ಬಿ’ ಈಗ ಶಖಬೂತ್ ಸಿಟಿಯಾಗಿದೆ.

ಬೇಸಿಗೆಯ ಮಧ್ಯಾಹ್ನ 45 ಡಿಗ್ರಿ ದಾಟಿದಾಗ ಈ ಬೀದಿಗಳಲ್ಲಿ ನರಪಿಳ್ಳೆಯೂ ಕಾಣುವುದಿಲ್ಲ. ಕಾಣುವವರು ಬೆನ್ನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡ ಡೆಲಿವರಿ ಹುಡುಗರು ಮಾತ್ರ. ನಮ್ಮ ಮನೆಗಳಿಗೆ ಬಿಸಿ ದೋಸೆ, ಮಾತ್ರೆ, ಹಾಲು ತಲುಪುವುದು ಇವರ ಕೃಪೆಯಿಂದ. ಇವರ ಬೈಕುಗಳನ್ನು ಗಮನಿಸಿ ನೋಡಿ: ಬಜಾಜ್ ಪಲ್ಸರ್, ಹೋಂಡಾ ಯೂನಿಕಾರ್ನ್ ಮುಂತಾದ ನಮ್ಮೂರಿನ ಪರಿಚಿತ ಮುಖಗಳೇ. ಸವಾರರಲ್ಲಿ ಅನೇಕ ದೇಶದವರಿದ್ದಾರೆ. ನಡುವೆ ಅಲ್ಲೊಬ್ಬ ಇಲ್ಲೊಬ್ಬ ಕನ್ನಡಿಗನೂ ಸಿಗುತ್ತಾನೆ.

ಅಂಥ ಒಬ್ಬ ಗದಗ ಕಡೆಯ ಹುಡುಗ ಸೊಂಟ ನೋವೆಂದು ನನ್ನಲ್ಲಿಗೆ ಬಂದಿದ್ದ. ಔಷಧಿ ಬರೆದುಕೊಟ್ಟ ಮೇಲೆ ಮೊಬೈಲಿನಲ್ಲಿ ಒಂದು ಡಬ್ಬಿಯ ಚಿತ್ರ ತೋರಿಸಿದ. “ಡಾಕ್ಟರ್ ಸಾಹೇಬ್ರ, ಅಂಗಡಿಯಾಂವ ಈ ಆಯಿಲ್ ಹಾಕು ಅಂತಾನ್ರೀ. ಇಂಜಿನ್ ಸವಿಯೂದು ಐವತ್ತು ಪರ್ಸೆಂಟ್ ಕಡಿಮಿ ಆಗ್ತದಂತ ಡಬ್ಬಿ ಮ್ಯಾಲೇ ಬರದಾರ. ಹಾಕ್ಲೇನ್ರೀ?” ಬೈಕು ಸಾಲದ್ದು, ಕೂಲಿ ಆರ್ಡರಿನ ಲೆಕ್ಕದ್ದು. ಬೈಕು ನಿಂತ ದಿನ ಊರಿಗೆ ಕಳಿಸುವ ದುಡ್ಡೂ ನಿಂತಂತೆ. ಅವನ ರೂಮಿನ ಗೆಳೆಯ ಒಬ್ಬ ಯಾವುದೋ ದುಬಾರಿ ಆಯಿಲ್ ಹಾಕಿಸಿ, ಕ್ಲಚ್ ಜಾರತೊಡಗಿ, ಮೂರು ದಿನ ಕೆಲಸವಿಲ್ಲದೆ ಕೂತಿದ್ದನಂತೆ. ಪ್ರಶ್ನೆ ಸಣ್ಣದಾಗಿರಲಿಲ್ಲ. (‘ಎಣ್ಣೆ’ ಎಂದರೆ ನಮ್ಮವರು ಬೇರೆಯದನ್ನೇ ನೆನೆಸಿಕೊಳ್ಳುವುದರಿಂದ ಇಲ್ಲಿ ‘ಆಯಿಲ್’ ಎಂದೇ ಬರೆಯುತ್ತಿದ್ದೇನೆ!)

ನಾನು ಮೆಕ್ಯಾನಿಕ್ ಅಲ್ಲ. ಆದರೆ ಮೈಸೂರಿನಲ್ಲಿ ಓದಿದವರಿಗೆ ಬೈಕು ಅಪರಿಚಿತವಲ್ಲ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಾದದ್ದು ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ. ಅವು ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿಗೆ ಬೆರೆಸಿದ ಆಯಿಲ್ ಉರಿದು ಸೈಲೆನ್ಸರಿನಿಂದ ಹೊಗೆಯಾಗಿ ಹೋಗುತ್ತಿತ್ತು. ಇಂದಿನ ಫೋರ್ ಸ್ಟ್ರೋಕ್ ಬೈಕಿನಲ್ಲಿ ಹಾಗಲ್ಲ, ಅದೇ ಆಯಿಲ್ ಸಾವಿರಾರು ಕಿಲೋಮೀಟರ್ ಒಳಗೇ ಸುತ್ತುತ್ತದೆ, ನಮ್ಮ ರಕ್ತದಂತೆ. ಗೇರಿನ ಬೈಕಿನಲ್ಲಿ ಅದಕ್ಕೆ ಇನ್ನೊಂದು ಹೊಣೆಯೂ ಇದೆ. ಕಾರಿನಲ್ಲಿ ಇಂಜಿನ್ನಿಗೆ ಒಂದು ಆಯಿಲ್, ಗೇರ್‌ಬಾಕ್ಸಿಗೆ ಇನ್ನೊಂದು. ಈ ಬೈಕುಗಳಲ್ಲಿ ಇಂಜಿನ್, ಗೇರು, ಕ್ಲಚ್ ಪ್ಲೇಟು ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಇಂಜಿನ್ ಜಾರಬೇಕು, ಕ್ಲಚ್ ಜಾರಬಾರದು! ಪೆಟ್ರೋಲ್ ಉಳಿಸಲೆಂದು ಕಾರಿನ ಆಯಿಲಿಗೆ ಸೇರಿಸುವ ಘರ್ಷಣೆ ತಗ್ಗಿಸುವ ರಾಸಾಯನಿಕಗಳು ಕ್ಲಚ್ಚಿನ ಹಿಡಿತವನ್ನು ಸಡಿಲಿಸಬಲ್ಲವು. ಗೆಳೆಯನ ಬೈಕಿಗೂ ಹೀಗೇ ಆಗಿರುವ ಸಾಧ್ಯತೆ ಹೆಚ್ಚು.

ಇದಕ್ಕಾಗಿಯೇ ಜಪಾನಿನವರು 1998ರಲ್ಲಿ ಜಾಸೊ ಟಿ 903 ಎಂಬ ಬೈಕಿನದೇ ಮಾನದಂಡ ತಂದರು. ಅದರಲ್ಲಿ ಕ್ಲಚ್ ಹಿಡಿತದ ಪರೀಕ್ಷೆಯಿದೆ. ಎಂಎ, ಎಂಎ1, ಎಂಎ2 ಎಂದಿದ್ದರೆ ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೆ ಸರಿ. ಘರ್ಷಣೆ ಕಡಿಮೆಯಿರುವ ಎಂಬಿ, ಅಂಥ ಕ್ಲಚ್ ಇಲ್ಲದ ಸ್ಕೂಟರಿನಂಥ ಗಾಡಿಗಳಿಗೆ. ಹುಡುಗ ತೋರಿಸಿದ ಡಬ್ಬಿಯಲ್ಲಿ ಈ ಗುರುತೇ ಇರಲಿಲ್ಲ. ಅದು ಕಾರಿನ ಆಯಿಲ್. ಅವನ ಪ್ರಶ್ನೆಗೆ ಉತ್ತರ ಅಲ್ಲೇ ಮುಗಿಯಿತು.

ಆದರೂ ಆ ‘ಐವತ್ತು ಪರ್ಸೆಂಟ್’ ನನ್ನನ್ನು ಬಿಡಲಿಲ್ಲ. ಔಷಧ ಕಂಪನಿಗಳ ಕರಪತ್ರ ಓದಿ ಓದಿ ವೈದ್ಯರಿಗೆ ಒಂದು ಚಾಳಿ ಹತ್ತಿರುತ್ತದೆ: ದಪ್ಪಕ್ಷರ ಬಿಟ್ಟು ಸಣ್ಣಕ್ಷರ ಓದುವುದು. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಕೆಳಗೆ ಇರುವೆ ಸಾಲಿನಂತೆ ಒಂದು ವಾಕ್ಯ. ಸೀಕ್ವೆನ್ಸ್ 4ಎ ಪರೀಕ್ಷೆಯ ಮಿತಿಗೆ ಹೋಲಿಸಿದರೆ ಇಷ್ಟು ಕಡಿಮೆ ಎಂದು. ಅದು ನಿಸಾನ್ ಕಾರಿನ ಇಂಜಿನ್ನನ್ನು ನೂರು ಗಂಟೆ ಓಡಿಸಿ ಕ್ಯಾಮ್ ಎಷ್ಟು ಸವೆಯಿತೆಂದು ಅಳೆಯುವ ಪರೀಕ್ಷೆ. ಎಪಿಐ ಎಸ್‌ಎನ್ ದರ್ಜೆಗೆ ಸರಾಸರಿ ಸವೆತದ ಮಿತಿ 90 ಮೈಕ್ರಾನ್. ಅಂದರೆ ಇದು ಪರೀಕ್ಷೆಯ ಪಾಸ್ ಮಾರ್ಕು. ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಪಾಸಾಗುತ್ತಿದ್ದ ಕಾಲದಲ್ಲಿ ‘ನಮ್ಮ ಹುಡುಗ ಅದರ ಎರಡರಷ್ಟು ತೆಗೆದಿದ್ದಾನೆ’ ಎಂದಿದ್ದರೆ ಸುಳ್ಳಲ್ಲ. ಆದರೆ ಪಕ್ಕದ ಮನೆಯ ಹುಡುಗನಿಗೆ ಎಷ್ಟು ಬಂತು ಎಂಬುದು ಅದರಲ್ಲಿಲ್ಲ. ಕಾರಿನ ಕ್ಯಾಮ್ ಪರೀಕ್ಷೆಯಲ್ಲಿ ಪಾಸಾದದ್ದು, ಖಲೀಫಾ ಸಿಟಿಯ ಬಿಸಿಲಲ್ಲಿ ನಿಂತು ನಿಂತು ಓಡುವ ಬೈಕಿಗೆ ಏನು ಮಾಡುತ್ತದೆ ಎಂಬುದೂ ಅದರಲ್ಲಿಲ್ಲ.

ಅಳೆದದ್ದು ಒಂದು, ನಮಗೆ ಬೇಕಾದದ್ದು ಇನ್ನೊಂದು ಆದಾಗ ಏನಾಗುತ್ತದೆ ಎಂಬುದನ್ನು ವೈದ್ಯಲೋಕ ಬಹಳ ನೋವಿನಿಂದ ಕಲಿತಿದೆ. ಹೃದಯಾಘಾತದ ನಂತರ ಬಡಿತ ತಪ್ಪುವವರಿಗೆ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳನ್ನು ಕೊಡುತ್ತಿದ್ದರು. ಇಸಿಜಿಯಲ್ಲಿ ತಪ್ಪು ಬಡಿತಗಳು ನಿಜಕ್ಕೂ ಕಡಿಮೆಯಾಗುತ್ತಿದ್ದವು. 1989ರಲ್ಲಿ ಕ್ಯಾಸ್ಟ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂದಾಗ ತಿಳಿದದ್ದೇನೆಂದರೆ, ಹುಸಿ ಮಾತ್ರೆ ತಿಂದವರಿಗಿಂತ ಆ ಔಷಧಿ ತಿಂದವರೇ ಹೆಚ್ಚು ಸತ್ತಿದ್ದರು. ಕಾಗದದ ಮೇಲಿನ ಗೆರೆ ಚೆನ್ನಾಗಿತ್ತು, ರೋಗಿ ಉಳಿಯಲಿಲ್ಲ.

ಆಯಿಲ್ ಲೋಕದಲ್ಲೂ ಉದಾಹರಣೆಯಿದೆ. ಸ್ಲಿಕ್ 50 ಎಂಬ, ಆಯಿಲಿಗೆ ಬೆರೆಸುವ ದ್ರವದ ಜಾಹೀರಾತುಗಳಿಗೆ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹೂಡಿತು. ಸವೆತ ಶೇಕಡಾ 50 ಕಡಿಮೆಯಾಗುತ್ತದೆ ಎಂಬುದೂ ಆ ಜಾಹೀರಾತಿನಲ್ಲಿತ್ತು. 1997ರಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು. ಪುರಾವೆಯಿಲ್ಲದೆ ಇಂಥ ಮಾತು ಹೇಳಕೂಡದೆಂಬ ಕಟ್ಟುಪಾಡಿಗೆ ಕಂಪನಿ ಒಪ್ಪಬೇಕಾಯಿತು.

ಹಾಗೆಂದು ತಯಾರಕರೆಲ್ಲ ಸುಳ್ಳರು ಎನ್ನಲಾಗದು. ಹೆತ್ತವರಿಗೆ ಹೆಗ್ಗಣ ಮುದ್ದು, ಅಷ್ಟೇ. ಜಾಸೊ ಗುರುತು ಕೂಡ ಕಂಪನಿಯೇ ಪರೀಕ್ಷೆ ಮಾಡಿಸಿ, ದಾಖಲೆ ಸಲ್ಲಿಸಿ, ತನ್ನ ಹೊಣೆಯಲ್ಲಿ ಹಾಕಿಕೊಳ್ಳುವಂಥದ್ದು. ಗುರುತಿನ ಚೌಕದಲ್ಲೇ ಅದಕ್ಕೆ ಖಾತರಿ ಕೊಡುವ ಕಂಪನಿಯ ಹೆಸರು, ದಾಖಲೆ ಸಂಖ್ಯೆ ಇರುತ್ತವೆ. ಹೆಸರು ಹಾಕಿ ಹೊಣೆ ಹೊತ್ತ ಮಾತಿಗೂ ಬರಿಯ ದಪ್ಪಕ್ಷರಕ್ಕೂ ವ್ಯತ್ಯಾಸವಿದೆ. ಅಮೆರಿಕದ ಎಪಿಐ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಪರವಾನಗಿ ಪಡೆದ ಆಯಿಲನ್ನು ಮಾರುಕಟ್ಟೆಯಿಂದಲೇ ತಂದು ಪರೀಕ್ಷಿಸುತ್ತದೆ. ನಂಬಿಕೆ ಹುಟ್ಟುವುದು ಹೀಗೆ, ಬೇರೊಬ್ಬರು ನೋಡುತ್ತಿದ್ದಾರೆ ಎಂದಾಗ.

ಹುಡುಗನಿಗೆ ಕೊಟ್ಟ ಚೀಟಿಯನ್ನು ನಿಮಗೂ ಕೊಡುತ್ತೇನೆ. ಮೊದಲು ಬೈಕಿನ ಮ್ಯಾನ್ಯುಯಲ್ ನೋಡಿ. ಅದರಲ್ಲಿ ಹೇಳಿದ ದರ್ಜೆ, ಜಾಸೊ ಗುರುತು ಎರಡೂ ಇದ್ದರೆ ಸಾಕು. 10ಡಬ್ಲ್ಯು-40 ಎಂಬುದರಲ್ಲಿ ಮೊದಲ ಅಂಕಿ ಚಳಿಯದು. 10ಡಬ್ಲ್ಯು ಆಯಿಲನ್ನು ಚಳಿಯಲ್ಲಿ ಪರೀಕ್ಷಿಸುವುದು ಮೈನಸ್ 25 ಡಿಗ್ರಿಯಲ್ಲಿ. ಅಬುಧಾಬಿಯಲ್ಲಿ ಆ ಚಿಂತೆ ಯಾರಿಗೂ ಬೇಡ! ಎರಡನೆಯದು 100 ಡಿಗ್ರಿ ಬಿಸಿಯಲ್ಲಿನ ದಪ್ಪದ ಲೆಕ್ಕ. ಇಲ್ಲಿ ಅದು ಮುಖ್ಯ. ದಪ್ಪ ಇದ್ದಷ್ಟೂ ಒಳ್ಳೆಯದು ಎಂದಲ್ಲ, ಮ್ಯಾನ್ಯುಯಲ್‌ನ ಉಷ್ಣಾಂಶದ ಪಟ್ಟಿಯಂತೆ ನಡೆಯಿರಿ. 150 ಸಿಸಿ ಬೈಕಿನಲ್ಲಿರುವುದು ಸುಮಾರು ಒಂದು ಲೀಟರ್ ಆಯಿಲ್. ಸ್ವಲ್ಪ ಇಳಿದರೂ ಉಳಿದದ್ದಕ್ಕೆ ಭಾರ. ವಾರಕ್ಕೊಮ್ಮೆ ಮಟ್ಟ ನೋಡಿ. ಬಿಸಿಲು, ಧೂಳು, ನಿಂತು ಓಡುವ ಕೆಲಸ ಮೂರೂ ಕಠಿಣ ಬಳಕೆ. ಮ್ಯಾನ್ಯುಯಲ್ ಅದಕ್ಕೆ ಬೇರೆ ಅವಧಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಏರ್ ಫಿಲ್ಟರ್ ಮರೆಯಬೇಡಿ. ಮರಳು ಒಳಹೊಕ್ಕ ಇಂಜಿನ್ನನ್ನು ಎಷ್ಟು ದುಬಾರಿ ಆಯಿಲೂ ಕಾಪಾಡದು. ಡಬ್ಬಿಯ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ.

ಹುಡುಗ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡ. “ಹಂಗಾರ ಮೊದಲಿಂದನ ಹಾಕ್ತೇನ್ರೀ, ರೊಕ್ಕನೂ ಉಳೀತು” ಎಂದ. ಇನ್ನು ಮುಂದೆ ನಿಮ್ಮ ಮನೆ ಬಾಗಿಲಿಗೆ ಬಂದ ಡೆಲಿವರಿ ಹುಡುಗ ಕನ್ನಡದವನಾದರೆ, ಒಂದು ಲೋಟ ತಣ್ಣನೆ ನೀರು ಕೊಟ್ಟು ಈ ಪುಟವನ್ನೂ ಅವನ ಕೈಗಿಡಿ. ಹಬ್ಬದ ಸಂಚಿಕೆಯಿಂದ ಒಂದು ಹಾಳೆ ಹರಿದರೆ ಸಂಪಾದಕರು ಬೇಸರಿಸಲಾರರು.