ಹಾಜರಿಯ ವಹಿ

ಹೋದ ವರ್ಷ ನಮ್ಮ ಕಾಲೇಜಿನ ಕಬಡ್ಡಿ ತಂಡದ ವ್ಯವಸ್ಥೆಯನ್ನು ಗುರುಗಳು ನನಗೆ ಒಪ್ಪಿಸಿದಾಗ ನಾನು ಮಾಡಿದ ಮೊದಲ ಕೆಲಸವೆಂದರೆ, ಇನ್ನೂರು ಪುಟದ ವಹಿಯೊಂದನ್ನು ಕೊಂಡು, ಗೆರೆ ಎಳೆದು, ಹನ್ನೆರಡು ಹೆಸರುಗಳನ್ನು ದುಂಡಗೆ ಬರೆದದ್ದು. ಬಸ್ಸಿನ ಚಾರ್ಜು, ಬನಿಯನ್ನುಗಳ ಲೆಕ್ಕ, ಬೆಳಗಿನ ಅಭ್ಯಾಸದ ಹಾಜರಿ, ಎಲ್ಲವೂ ಅದರಲ್ಲಿ. ತಂಡವನ್ನು ನಡೆಸುವುದೆಂದರೆ ಇದೇ ಎಂದು ನಾನು ತಿಳಿದಿದ್ದೆ.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ದಾಳಿ ಮಾಡುತ್ತಿದ್ದವನು ನೇಸರಗಿಯ ಹತ್ತಿರದ ಹಳ್ಳಿಯ ಹುಡುಗ. ಸೋಯಾಬೀನಿನ ರಾಶಿಯ ದಿನಗಳಲ್ಲಿ ಅವನು ಒಂಬತ್ತು ದಿನ ಬರಲಿಲ್ಲ. ಒಂಬತ್ತು ಮನೆಗಳಲ್ಲಿ ‘ಗೈರು’ ಎಂದು ಬರೆದೆ. ನಾನೇ ಮಾಡಿದ ನಿಯಮದಂತೆ ಅವನ ಹೆಸರಿನ ಮೇಲೆ ಗೀಟೆಳೆದೆ. ಏಕೆ ಬರಲಿಲ್ಲವೆಂದು ಬರೆಯುವ ಅಂಕಣ ನನ್ನ ವಹಿಯಲ್ಲಿರಲಿಲ್ಲ. ಮೊದಲನೆಯ ಪಂದ್ಯದಲ್ಲೇ ನಾವು ಸೋತು ಬಂದೆವು.

ಮನೆಯಲ್ಲಿ ಅಜ್ಜನ ಮುಂದೆ ಇದನ್ನು ಹೇಳಿದೆ. ಅಜ್ಜ ಪ್ರಾಯದಲ್ಲಿ ಗರಡಿಯ ಮಣ್ಣಿನಲ್ಲಿ ಹೊರಳಿದವರು.

“ನಮ್ಮ ವಸ್ತಾದರಿಗೆ ಓದು ಬರಹ ಬರತಿರಲಿಲ್ಲಪಾ. ಹುಡುಗ ಎರಡ ದಿನಾ ಗರಡಿಗೆ ಬರಲಿಲ್ಲಂದ್ರ ಅವನ ಮನಿಗೇ ಹೋಗಿ ಕಟ್ಟಿ ಮ್ಯಾಲ ಕುಂಡ್ರತಿದ್ರು. ನೀ ಹೋಗಿದ್ಯೇನು?”

ನಾನು ಹೋಗಿರಲಿಲ್ಲ.

ಲೆಕ್ಕವೇ ಬೇಡವೆಂದು ನಾನು ಹೇಳಲಾರೆ. ಬಸ್ಸಿನ ಚಾರ್ಜು ಕಡಿಮೆ ಬಿದ್ದರೆ ತಂಡವೆಲ್ಲ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲೇ ರಾತ್ರಿ ಕಳೆಯಬೇಕಾದೀತು! ಆದರೆ ಲೆಕ್ಕವನ್ನು ನೋಡುವ ಬಗೆ ಬೇರೆಯೂ ಉಂಟು. 2018ರಲ್ಲಿ ನಮ್ಮ ದೇಶದ ಹತ್ತೊಂಬತ್ತರೊಳಗಿನ ತರುಣರು ನ್ಯೂಜಿಲೆಂಡಿನಲ್ಲಿ ಕ್ರಿಕೆಟ್ಟಿನ ವಿಶ್ವಕಪ್ಪನ್ನು ಗೆದ್ದಾಗ, ಕ್ರಿಕೆಟ್ ಮಂಡಳಿಯು ತರಬೇತುದಾರ ರಾಹುಲ್ ದ್ರಾವಿಡರಿಗೆ 50 ಲಕ್ಷ ರೂಪಾಯಿ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಬಹುಮಾನ ಸಾರಿತು. ತಮಗೂ ಸಹಾಯಕರಿಗೂ ಈ ಅಂತರವೇಕೆಂದು ದ್ರಾವಿಡರು ಕೇಳಿದರು. ಕೊನೆಗೆ ಅವರಿಗೂ ಸಹಾಯಕರಿಗೂ ಸಮನಾಗಿ 25 ಲಕ್ಷವೆಂದಾಯಿತು. ಅವರ ಪಾಲು ಅರ್ಧಕ್ಕಿಳಿಯಿತು. ಅವರು ನೋಡಿದ್ದೂ ಒಂದು ಹೆಸರುಪಟ್ಟಿಯನ್ನೇ. ಆದರೆ ಅವರಿಗೆ ಅದರಲ್ಲಿ ಮನುಷ್ಯರು ಕಂಡರು, ನನಗೆ ಮನೆಗಳು ಮಾತ್ರ ಕಂಡಿದ್ದವು.

ಮರುವಾರ ಆ ಹುಡುಗನ ಊರಿಗೆ ಹೋದೆ. ಅವನ ತಂದೆ ಕಾಲು ಮುರಿದುಕೊಂಡು ಪಡಸಾಲೆಯಲ್ಲಿ ಮಲಗಿದ್ದರು. ರಾಶಿಯನ್ನೆಲ್ಲ ಇವನೊಬ್ಬನೇ ಮುಗಿಸಿದ್ದನಂತೆ. ನನ್ನನ್ನು ಕಂಡು, “ಹಾಜರಿ ಹಿಡಿಯಾಕ ಬಂದಿಯೇನು?” ಎಂದು ನಕ್ಕ. ಅವನ ತಾಯಿ ಚುರುಮುರಿ, ಚಹಾ ಕೊಟ್ಟರು. ಸಂಜೆಯವರೆಗೆ ಕಟ್ಟೆಯ ಮೇಲೆ ಕುಳಿತೆವು. ಕಬಡ್ಡಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಈ ವರ್ಷ ಆಡಲು ಬರುತ್ತೇನೆಂದು ಅವನು ಇನ್ನೂ ಹೇಳಿಲ್ಲ.